ಉಪ್ಪು ನೆಕ್ಕಿ ನೋಡುತ್ತಿದ್ದ ತೊಟ್ಟಿಯಣ್ಣ

ಕಣ್ಣಿನ ಡಾಕ್ಟರು ಬರೆದುಕೊಟ್ಟ ಎಣ್ಣೆ ತುಂಬಿದ ಮಾತ್ರೆ ಮೊನ್ನೆ ತಿ. ನರಸೀಪುರದ ಮೆಡಿಕಲ್ ಸ್ಟೋರಿನಲ್ಲಿ ಸಿಕ್ಕಿತು. ಮನೆಗೆ ಬಂದು ಒಂದನ್ನು ಕತ್ತರಿಸಿ ನೋಡಿದೆ. ಕಿತ್ತಳೆ ಬಣ್ಣದ ಎಣ್ಣೆ ಬೆರಳಿಗಂಟಿತು; ಮೂಗಿಗೆ ಹಿಡಿದರೆ ಪಾಚಿಯ ಹಸಿ ವಾಸನೆ... ಇಪ್ಪತ್ತೈದು ವರ್ಷ ನಾನು ಮರೆತಂತೆ ನಟಿಸಿದ್ದ ಮನುಷ್ಯ ಎದುರಿಗೆ ಬಂದು ನಿಂತ.

ತೊಂಬತ್ತರ ದಶಕದ ಕೊನೆ. ನಂಜನಗೂಡಿನ ಹೊರಗೆ ಒಬ್ಬರು ಸಿಮೆಂಟಿನ ತೊಟ್ಟಿಗಳಲ್ಲಿ ಉಪ್ಪುನೀರಿನ ಪಾಚಿ ಬೆಳೆಸುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ನೀರು ಹಸಿರಾಗಿರುತ್ತದೆ, ಅಷ್ಟೆ. ಉಪ್ಪು ಹೆಚ್ಚಿಸುತ್ತ ಹೋದರೆ ಅದು ಬೆಳೆಯುವುದನ್ನು ಕಡಿಮೆ ಮಾಡಿ, ಜೀವ ಉಳಿಸಿಕೊಳ್ಳಲು ಮೈಯಲ್ಲಿ ಕಿತ್ತಳೆ ಬಣ್ಣದ ಕ್ಯಾರೋಟಿನ್ ತುಂಬಿಕೊಳ್ಳುತ್ತದೆ. ಕಣ್ಣಿನ ಮಾತ್ರೆ ಮಾಡುವವರಿಗೆ ಬೇಕಾದದ್ದು ಅದೇ. ನಾನು ಬಿ.ಎಸ್ಸಿ. ಮುಗಿಸಿ ಅಲ್ಲಿ ಲ್ಯಾಬಿಗೆ ಸೇರಿದ್ದೆ. ತೊಟ್ಟಿ ನೋಡಿಕೊಳ್ಳುತ್ತಿದ್ದವನು ಬದನವಾಳಿನ ಕಡೆಯವನು, ಎಲ್ಲರಿಗೂ ತೊಟ್ಟಿಯಣ್ಣ.

ಕಲ್ಲುಪ್ಪನ್ನು ಗೋಣಿಚೀಲದಲ್ಲಿ ಕಟ್ಟಿ ನೀರಿಗಿಳಿಸಿ, ಹಗ್ಗ ಹಿಡಿದು ಎಮ್ಮೆ ನಡೆಸುವವನ ಹಾಗೆ, ಅದನ್ನು ಎಳೆಯುತ್ತ ತೊಟ್ಟಿಯ ಸುತ್ತ ನಡೆಯುತ್ತಿದ್ದ. ನಡುನಡುವೆ ಬೆರಳದ್ದಿ ನಾಲಿಗೆಗೆ ಸವರಿ, ಉಗಿದು, "ಇವತ್ತಿಗ್ ಸಾಕು" ಎನ್ನುತ್ತಿದ್ದ. ಆಮೇಲೆ ನಾನು ಉಪ್ಪಳೆಯುವ ಮೀಟರ್ ಇಟ್ಟು ನೋಡಿದರೆ ಬೇಕಾದಷ್ಟೇ ಇರುತ್ತಿತ್ತು. ನನಗೆ ಮೈ ಉರಿಯುತ್ತಿತ್ತು. ಓದಿದವಳು ನಾನಲ್ಲವೇ!

"ವಸಿವಸಿಯಾಗ್ ಕೊಟ್ರೆ ತಡ್ಕತವೆ ಕಣವ್ವ. ಒಂದೇ ಸಲಕ್ ಸುರುದ್ರೆ ಸತ್ತೋಯ್ತವೆ," ಎನ್ನುತ್ತಿದ್ದ.

ಒಂದು ಶನಿವಾರ ಮಾಲೀಕರು ಓಡೋಡಿ ಬಂದರು. ಸೋಮವಾರ ಮಾಲು ಕೊಳ್ಳುವವರು ಬರುತ್ತಾರೆ, ಅಷ್ಟರೊಳಗೆ ದೊಡ್ಡ ತೊಟ್ಟಿ ಕಿತ್ತಳೆಯಾಗಬೇಕು, ಮೂಟೆಗಟ್ಟಲೆ ಉಪ್ಪು ಸುರಿಯಿರಿ ಎಂದರು. "ಬ್ಯಾಡಿ ಸಾ, ಕೈ ಮುಗೀತೀನಿ" ಎಂದ ತೊಟ್ಟಿಯಣ್ಣ. ಮಾಲೀಕರು ಬೇರೆ ಆಳುಗಳಿಂದ ಸುರಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಸೋಮವಾರ ತೊಟ್ಟಿ ಬೂದಿ ಬಣ್ಣಕ್ಕೆ ತಿರುಗಿ ಗಬ್ಬು ನಾರುತ್ತಿತ್ತು. ಬಂದವರ ಮುಂದೆ ಮಾಲೀಕರು ತೊಟ್ಟಿಯಣ್ಣನ ಕಡೆ ಕೈ ತೋರಿಸಿದರು. "ಓದು ಬರಹ ಇಲ್ದೋನು. ಯಾರನ್ನೂ ಕೇಳ್ದೆ ಸುರಿದುಬಿಟ್ಟಿದಾನೆ. ಅಲ್ವೇನಮ್ಮಾ?" ಎಂದು ನನ್ನನ್ನು ಕೇಳಿದರು. ಆ ತಿಂಗಳು ನನ್ನ ಕೆಲಸ ಕಾಯಂ ಆಗುವುದಿತ್ತು. ಹೌದೆಂದು ತಲೆಯಾಡಿಸಿದೆ... ತೊಟ್ಟಿಯಣ್ಣ ನನ್ನನ್ನೇ ನೋಡುತ್ತಿದ್ದ. ನಲ್ಲಿಯಲ್ಲಿ ಕೈಕಾಲು ತೊಳೆದು ಹೊರಟುಹೋದ.

ಕೆಲಸ ಕಾಯಂ ಆಯಿತು. ಮುಂದೆ ಹೊಸಬರಿಗೆ ಗೋಣಿಚೀಲ ಎಳೆಯುವುದನ್ನು ನಾನೇ ಕಲಿಸಿದೆ. ಇದನ್ನು ಯಾರು ಕಂಡುಹಿಡಿದದ್ದು ಮೇಡಂ ಎಂದು ಒಬ್ಬಳು ಕೇಳಿದಾಗ, ನಮ್ಮ ಲ್ಯಾಬಿನದೇ ಎಂದೆ. ಹಾಗೆ ಹೇಳಲು ನಾಚಿಕೆಯೂ ಆಗಲಿಲ್ಲ.

ನಿನ್ನೆ ಅವನ ಊರಿಗೆ ಹೋದೆ. ಅವನು ತೀರಿಕೊಂಡು ಆರು ವರ್ಷವಾಯಿತಂತೆ. ಹೆಂಡತಿ ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟರು. ನಡೆದದ್ದನ್ನೆಲ್ಲ ಹೇಳಿ ಅತ್ತೆ. ಆಕೆ ಅಳಲಿಲ್ಲ.

"ನಂಗೊತ್ತಿತ್ತು ಕಣವ್ವ. ನಮ್ಮನೇವ್ರು ಅವತ್ತೇ ಯೋಳಿದ್ರು. ಊರೋರು ನಂಬ್ನಿಲ್ಲ. ತೊಟ್ಟಿ ಕೆಡಿಸ್ದೋನು ಅಂತ ಯಾರೂ ಕೆಲ್ಸಕ್ ಕರೀನಿಲ್ಲ. ಆ ಮೇಡಮ್ಮ ಓದಿರೋರು, ಒಂದಿನ ಬಂದು ನಿಜ ಯೋಳ್ತಾರೆ ಅಂತ ಕಾಯ್ತಿದ್ರು."

ಎದುರಿನ ಕಟ್ಟೆಯ ಮೇಲೆ ನಾಲ್ಕೈದು ಜನ ಗಂಡಸರು ಕೂತಿದ್ದರು. ಆಕೆ ಅವರ ಕಡೆ ನೋಡಿ, "ಅಗೋ, ಅಲ್ ಕುಂತವ್ರೆ ಊರೋರು. ಓಗಿ ಯೋಳಿ" ಎಂದರು.

ಕಟ್ಟೆಯ ಹತ್ತಿರ ಹೋದೆ. ಯಾರಮ್ಮಾ ನೀವು ಎಂದು ಒಬ್ಬರು ಕೇಳಿದರು. ನಂಜನಗೂಡಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ ಮುಂದೆ ನಡೆದೆ.

ಇವತ್ತು ಇದನ್ನು ಬರೆಯುತ್ತಿದ್ದೇನೆ. ಕಟ್ಟೆಯ ಮೇಲಿದ್ದವರು ಇದನ್ನು ಓದುವುದಿಲ್ಲ ಎಂದು ನನಗೆ ಗೊತ್ತು.