ಮೌಶಿಯ ಮೇಲೊಂದು ಪಿಚ್ಚರ್

ಬಸವಕಲ್ಯಾಣದಲ್ಲಿ ಸಿನಿಮಾ ತೆಗೆಯುತ್ತೇನೆಂದು ಬಾಯಿ ಬಿಟ್ಟರೆ ಸಾಕು, ಕೇಳುವ ಮೊದಲೇ ವಿಷಯವನ್ನು ಕೈಗೆ ತುರುಕುತ್ತಾರೆ. ಚಹಾದಂಗಡಿಯವನ ಹತ್ತಿರ ಒಂದಿದೆ, ನಿವೃತ್ತ ಮಾಸ್ತರರ ಹತ್ತಿರ ನಾಲ್ಕಿವೆ. ನನ್ನ ಹೆಂಡತಿಯ ಅಣ್ಣನ ಹತ್ತಿರವಂತೂ ಇಡೀ ಕತೆಯೇ ತಯಾರಿದೆ, ಹೀರೊ ಅವನ ಮಗ. ಎಲ್ಲವೂ ಸುತ್ತಿ ಬಳಸಿ ಶರಣರ ಕಾಲಕ್ಕೇ ಹೋಗಿ ನಿಲ್ಲುತ್ತವೆ. ಶರಣರ ಬಗ್ಗೆ ನನ್ನ ತಕರಾರಿಲ್ಲ, ವಿಭೂತಿ ಹಚ್ಚಿಕೊಳ್ಳದೆ ನಾನು ಅಂಗಡಿಯ ಶಟರ್ ಎತ್ತುವವನಲ್ಲ. ಆದರೆ ಅಷ್ಟು ಹಿಂದಿನವರಿಗೆ ಬಾಡಿಗೆ ಗಡ್ಡ ಅಂಟಿಸಿ ಕ್ಯಾಮೆರಾ ಮುಂದೆ ನಿಲ್ಲಿಸುವುದು ನನ್ನಿಂದಾಗದು ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

“ಕಲ್ಯಾಣದಾಗ ಹುಟ್ಟಿ ಗಂಜ್‌ನಾಗಿನ ಧೂಳಾ ತೋರಿಸ್ತೀರೇನ್ರಿ? ಯಾರ್ ನೋಡ್ತಾರ್ರಿ ಅದನ್ನ?” ಎಂದು, ನನ್ನ ತಲೆಯಲ್ಲಿರುವುದು ಕಾಳಿನ ಮಾರುಕಟ್ಟೆ ಎಂದು ತಿಳಿದ ಮಾಸ್ತರರು ನನ್ನ ಅಂಗಡಿಯ ಸ್ಟೂಲಿನ ಮೇಲೆಯೇ ಕುಳಿತು ಕೇಳಿದ್ದರು. ನಾನು ಕೊಟ್ಟ ಚಹಾ ಕುಡಿಯುತ್ತ ಕೇಳಿದರಲ್ಲ ಎಂದು ಮೈಯೆಲ್ಲ ಉರಿಯಿತು. ನಕ್ಕು ಇನ್ನೊಂದು ಚಹಾ ತರಿಸಿದೆ. ಅವರ ಮೊಮ್ಮಗಳ ಮದುವೆ ಹತ್ತಿರ ಬಂದಿತ್ತು.

ಮದುವೆ ವಿಡಿಯೊ ತೆಗೆಯುವುದು ನನ್ನ ಕಸುಬು. ಇತ್ತ ನಾರಾಯಣಪುರ, ಅತ್ತ ರಾಜೇಶ್ವರ, ಹುಮನಾಬಾದ್, ಎಲ್ಲಿ ಅಕ್ಷತೆ ಬೀಳುತ್ತದೋ ಅಲ್ಲಿ ನಾನಿರುತ್ತೇನೆ. ನಮ್ಮಲ್ಲಿ ನಿಕಾಹ್ ಇರಲಿ ಲಗ್ನ ಇರಲಿ, ಕರೆಯುವುದು ನನ್ನನ್ನೇ. ನಲವತ್ತಾರು ದಾಟಿದೆ. ಪರರ ಮದುವೆಗಳ ಹೊರತು ನಾನು ತೆಗೆದದ್ದು ಅಂತ ಒಂದೂ ಇಲ್ಲ. ಒಂದೇ ಒಂದು ಸಿನಿಮಾ, ಇಪ್ಪತ್ತು ನಿಮಿಷದ್ದಾದರೂ ಸರಿ, ಪೂರ್ತಿ ನನ್ನದು ಅನ್ನಿಸುವಂಥದ್ದು ಆಗಬೇಕಿತ್ತು. ಆ ಆಸೆ ನನ್ನನ್ನು ಎಷ್ಟು ಕಾಡುತ್ತಿತ್ತೆಂದರೆ, ತಾಳಿ ಕಟ್ಟುವ ಹೊತ್ತಿನಲ್ಲೂ ನಾನು ಬೇರೇನೋ ತೆಗೆಯುತ್ತಿದ್ದೇನೆ ಅಂದುಕೊಂಡು ನಿಲ್ಲುತ್ತಿದ್ದೆ.

ನಾನು ಆರಿಸಿಕೊಂಡಿದ್ದು ನನ್ನ ಮೌಶಿಯನ್ನು, ಅಂದರೆ ಅವ್ವನ ತಂಗಿಯನ್ನು. ಅವಳು ಹುಮನಾಬಾದಿನ ಗಂಜ್‌ನಲ್ಲಿ, ಕಾಳು ಕಡಿಯ ಆ ದೊಡ್ಡ ಮಾರುಕಟ್ಟೆಯಲ್ಲಿ, ತೊಗರಿ ಹಸನು ಮಾಡುತ್ತಾಳೆ. ಜೊತೆಗೆ ಇನ್ನಿಬ್ಬರು ಹೆಂಗಸರು. ಒಬ್ಬಳು ಮೊರದಿಂದ ಕೇರುತ್ತಾಳೆ, ಒಬ್ಬಳು ಚೀಲ ಸುರಿಯುತ್ತಾಳೆ, ಮೌಶಿ ಜರಡಿ ಹಿಡಿಯುತ್ತಾಳೆ. ಒಂದು ಸಲ ಅವಳ ಮನೆಗೆ ಹೋಗಿದ್ದಾಗ ಊಟದ ಡಬ್ಬಿ ಕೊಡಲು ಗಂಜ್‌ಗೆ ಹೋದವನು ಅವರನ್ನು ನೋಡುತ್ತ ನಿಂತುಬಿಟ್ಟೆ. ಮೂವರೂ ಬಾಯಿ ಮುಚ್ಚದೆ ಮಾತಾಡುತ್ತಿದ್ದರು, ಅಡತಿ ಅಂಗಡಿಯ ಸಾಹುಕಾರನ ನಡಿಗೆಯನ್ನು ಅಣಕಿಸುತ್ತಿದ್ದರು, ಕೈ ಮಾತ್ರ ಒಂದು ಕ್ಷಣ ನಿಲ್ಲಲಿಲ್ಲ. ಇದೇ ನನ್ನ ಸಿನಿಮಾ ಅಂದುಕೊಂಡೆ. ಆವತ್ತಿನ ಖುಷಿಯನ್ನು ಯಾರ ಹತ್ತಿರವೂ ಹೇಳದೆ ಬಸ್ಸಿನಲ್ಲಿ ಊರಿಗೆ ಬಂದೆ.

ತೆಗೆಯಲು ಹೋದ ಮೊದಲ ದಿನವೇ ತಲೆ ಕೆಟ್ಟುಹೋಯಿತು. ನಾನು ಕ್ಯಾಮೆರಾ ಎತ್ತಿದ ಕೂಡಲೇ ಮೂವರೂ ಜರಡಿ, ಮೊರ ಕೆಳಗಿಟ್ಟು, ಕೈ ಝಾಡಿಸಿಕೊಂಡು, ಸಾಲಾಗಿ ನಿಂತರು. ಮದುವೆಯಲ್ಲಿ ಉಡುಗೊರೆಯ ಆಹೇರಿ ಮಾಡಿದ ಮೇಲೆ ಮದುಮಕ್ಕಳ ಪಕ್ಕ ನಿಲ್ಲುತ್ತಾರಲ್ಲ, ಹಾಗೆ. ಕಣ್ಣು ನೇರ ಕ್ಯಾಮೆರಾದೊಳಗೆ. ನಾನು ಇಳಿಸುವವರೆಗೂ ಅಲ್ಲಾಡಲಿಲ್ಲ. ಇಳಿಸಿದ ಮೇಲೆ ಒಬ್ಬಳು ಕೇಳಿದಳು, “ಕ್ಯಾಸೆಟ್ ಯಾವಾಗ ಕೊಡ್ತಿ ಅಣ್ಣಾ?”

ಅವರ ತಪ್ಪೇನಿಲ್ಲ. ಅವರ ಮನೆಗಳಲ್ಲಿ ಕ್ಯಾಮೆರಾ ಅಂದರೆ ನಾನು, ನಾನು ಅಂದರೆ ಮದುವೆ. ಆದರೂ ನನಗೆ ಸಿಟ್ಟು ಬಂತು. ಎರಡನೆಯ ದಿನವೂ ನಿಂತರು. ಮೂರನೆಯ ದಿನ ಮೊರ ಹಿಡಿಯುವವಳು ಹೊಸ ಸೀರೆ ಉಟ್ಟು ಬಂದಳು.

“ನಾ ಇಲ್ಲೇ ಇಲ್ಲ ಅನ್ಕೊಂಡು ಕೆಲ್ಸಾ ಮಾಡ್ರಿ” ಎಂದು ಕೈ ಮುಗಿದೆ.

“ಎದುರಿಗಿ ಗೂಟಾ ನಿಂತಂಗ ನಿಂತೀದಿ. ಇಲ್ಲ ಅಂತ ಹ್ಯಾಂಗ ಅನ್ಕೊಳ್ಳೋದು?” ಎಂದಳು ಮೌಶಿ. ಮೂವರೂ ನಕ್ಕರು. ಸುತ್ತಲಿನ ಹಮಾಲರೂ ನಕ್ಕರು.

ಆ ಹೊತ್ತಿಗೆ ಕಲಬುರಗಿಯಲ್ಲಿ ಮೂರು ದಿನದ ಸಿನಿಮಾ ಕಮ್ಮಟ ನಡೆಯಿತು. ಅಲ್ಲಿ ಪಾಠ ಹೇಳಲು ಬಂದ ನಿರ್ದೇಶಕರಿಗೆ ನನ್ನ ತುಣುಕುಗಳನ್ನು ತೋರಿಸಿದೆ. ಅವರು ಒಳ್ಳೆಯವರು, ಸಮಾಧಾನವಾಗಿ ನೋಡಿದರು. “ವಿಷಯ ಚೆನ್ನಾಗಿದೆ. ಆದರೆ ಇವರು ನಗ್ತಾ ಇದ್ದಾರಲ್ಲ, ಇವರ ಕಷ್ಟ ಎಲ್ಲಿದೆ? ಕ್ಯಾಮೆರಾ ನೋಡೋಕೆ ಬಿಡಬೇಡಿ, ಅವರ ಬದುಕನ್ನು ಕದ್ದು ಹಿಡೀರಿ” ಎಂದರು. ಊರಿನವರಿಗೆ ಶರಣರು ಬೇಕಿತ್ತು, ಇವರಿಗೆ ಕಷ್ಟ ಬೇಕಿತ್ತು. ನನಗೇನು ಬೇಕೆಂದು ಯಾರೂ ಕೇಳಲಿಲ್ಲ ಎಂದು ವಾಪಸು ಬರುವ ದಾರಿಯುದ್ದಕ್ಕೂ ಹಲ್ಲು ಕಡಿದೆ. ಕಡಿದು ಏನು ಬಂತು? ಮರುವಾರವೇ ಅವರು ಹೇಳಿದಂತೆ ಮಾಡಿದೆ.

ಒಟ್ಟಿದ ಚೀಲಗಳ ಹಿಂದೆ ಕುಳಿತು ಐದು ದಿನ ತೆಗೆದೆ. ನಾನು ಬಂದದ್ದು ಮೌಶಿಗೆ ಗೊತ್ತಿರುತ್ತಿತ್ತು, ಯಾವಾಗ ತೆಗೆಯುತ್ತೇನೆಂದು ಗೊತ್ತಿರುತ್ತಿರಲಿಲ್ಲ. ಬಾಗಿದ ಬೆನ್ನು ಸಿಕ್ಕಿತು, ಧೂಳಿಗೆ ಬಂದ ಕೆಮ್ಮು ಸಿಕ್ಕಿತು, ಬಿರುಕು ಬಿಟ್ಟ ಹಿಮ್ಮಡಿ ಸಿಕ್ಕಿತು. ಅಂಗಡಿಯಲ್ಲಿ ಕುಳಿತು ಕತ್ತರಿಸುವಾಗ ಅವರು ಮುಖವೆತ್ತಿ ನೋಡಿದ್ದನ್ನೆಲ್ಲ ತೆಗೆದುಹಾಕಿದೆ. ನಗುವನ್ನೂ ತೆಗೆದೆ. ಉಳಿದದ್ದು ಹದಿನೆಂಟು ನಿಮಿಷ. ನೋಡಿದರೆ ಸಿನಿಮಾದ ಹಾಗೆಯೇ ಇತ್ತು, ಸುಳ್ಳೇಕೆ ಹೇಳಲಿ, ನನಗೇ ಕಣ್ಣು ತುಂಬಿ ಬಂತು. ದೂರದ ಊರಿನ ಒಂದು ಸಣ್ಣ ಚಿತ್ರೋತ್ಸವಕ್ಕೆ ಕಳಿಸಿದೆ. ಒಂದೂವರೆ ತಿಂಗಳಿಗೆ ಉತ್ತರ ಬಂತು. ಆಯ್ಕೆಯಾಗಿದೆ, ಚಿತ್ರದಲ್ಲಿ ಇರುವವರ ಒಪ್ಪಿಗೆಯ ಸಹಿ ಕಳಿಸಿ, ಇಲ್ಲದಿದ್ದರೆ ತೋರಿಸಲಾಗುವುದಿಲ್ಲ ಎಂದು.

ಗಂಜ್ ಬಂದ್ ಇದ್ದ ದಿನ ಲ್ಯಾಪ್‌ಟಾಪ್ ಹಿಡಿದು, ಸಹಿಯ ಕಾಗದ ಬ್ಯಾಗಿಗೆ ಹಾಕಿಕೊಂಡು, ಮಧ್ಯಾಹ್ನ ಹುಮನಾಬಾದಿಗೆ ಹೋದೆ. ಮೌಶಿ ಇನ್ನಿಬ್ಬರನ್ನೂ ಕರೆಸಿದ್ದಳು. ಔಷಧ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿ ಘಾಟು ಬರುತ್ತಿತ್ತೆಂದು ಬಾಗಿಲು ಮುಚ್ಚಿದಳು. ಚುಡುವಾ, ಚಹಾ ಆಯಿತು. ಮೂವರೂ ಚಾಪೆಯ ಮೇಲೆ ಕುಳಿತು ನೋಡತೊಡಗಿದರು. ಎರಡು ನಿಮಿಷಕ್ಕೆ ಅವರ ಮಾತು ನಿಂತಿತು. ಮನಸ್ಸಿಗೆ ತಟ್ಟಿದೆ ಅಂದುಕೊಂಡು ಒಳಗೊಳಗೇ ಉಬ್ಬಿದೆ, ಎಂಥ ದಡ್ಡ ನಾನು.

ಮುಗಿದ ಮೇಲೆ ಮೊರ ಹಿಡಿಯುವವಳು ಎದ್ದು ಹೋದಳು. ಇನ್ನೊಬ್ಬಳು ಅವಳ ಹಿಂದೆಯೇ ಹೋದಳು. ಮೌಶಿ ಕುಳಿತೇ ಇದ್ದಳು.

“ನಡುವ ಒಂದ್ ಕಡಿ ನಾ ಬಗ್ಗೀನಲ, ಅದು ಮತ್ತ ಹಚ್ಚು” ಎಂದಳು.

ಹಚ್ಚಿದೆ.

“ನಿಂದ್ರಿಸು.”

ನಿಲ್ಲಿಸಿದೆ. ಅವಳು ಬೆರಳು ಪರದೆಗೆ ತಾಗುವಷ್ಟು ಮುಂದೆ ಬಂದಳು.

“ನನ್ ಮಗಳ ಲಗ್ನದಾಗ ‘ಮೌಶಿ, ಸೆರಗ್ ಜಾರೇದ, ಸರಿ ಮಾಡ್ಕೊ’ ಅಂತ ಮಂದ್ಯಾಗ ಬಂದು ಕಿವ್ಯಾಗ ಹೇಳಿದಿ. ನಾ ಸರಿ ಮಾಡ್ಕೊಂಡ ಮ್ಯಾಲೇ ತೆಗದಿ. ಇಲ್ಲಿ ನೋಡು. ಸೆರಗ್ ಪೂರಾ ಬಿದ್ದದ. ಬೆನ್ನಿಗಿ ರವಿಕಿ ಹರದದ್ದು ಕಾಣಾಕತ್ತದ. ನೀ ಅಲ್ಲೇ ಇದ್ದಿ. ಯಾಕ ಹೇಳ್ಲಿಲ್ಲ ತಮ್ಮಾ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಏರಿಸಿ ಮಾತಾಡುತ್ತಿದ್ದೆ, ಸಿನಿಮಾ ಅಂದರೆ ಹೀಗೇ ಎನ್ನುತ್ತಿದ್ದೆ. ಅವಳು ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದಳು. ಆ ಹರಿದ ರವಿಕೆಯನ್ನು ನಾನು ಆವತ್ತು ನೋಡಿರಲಿಲ್ಲವೆಂದಲ್ಲ. ನೋಡಿದ್ದೆ. ನೋಡಿಯೇ ಝೂಮ್ ಮಾಡಿ ಇನ್ನಷ್ಟು ಹತ್ತಿರಕ್ಕೆ ತಂದಿದ್ದೆ. ಒಳ್ಳೆಯದು ಸಿಕ್ಕಿತು ಎಂದು ಆ ಚೀಲಗಳ ಹಿಂದೆ ನನಗೆ ಖುಷಿಯಾಗಿತ್ತು. ನನ್ನ ಮೇಲೆ ವಿಷಯ ಹೇರಿದವರನ್ನೆಲ್ಲ ಮನಸ್ಸಿನಲ್ಲೇ ಬೈದುಕೊಂಡು ತಿರುಗಿದವನು, ಏನು ತೋರಿಸಲಿ ಎಂದು ಇವಳನ್ನು ಒಂದು ಮಾತು ಕೇಳಿರಲಿಲ್ಲ.

ನಾನು ಲ್ಯಾಪ್‌ಟಾಪ್ ಮುಚ್ಚಿದ್ದನ್ನು ನೋಡಿ ಮೌಶಿಗೇ ಕೆಡುಕೆನ್ನಿಸಿತೇನೋ. “ಇರ್ಲಿ ಬಿಡು. ಅಲ್ಲಿ ಮಂದಿಗಿ ಇದೇ ಬೇಕಾಗ್ಯಾದ ಅಂದ್ರ ತೋರ್ಸು. ಅವ್ರೇನ್ ನನಗ ಗುರ್ತು ಹಿಡಿತಾರಾ? ನೀ ಅದೇನೋ ಸಹಿ ಬೇಕು ಅಂದಿದ್ದಿ ಫೋನ್‌ನಾಗ. ಎಲ್ಲದ ಕಾಗದ, ತಾ” ಎಂದಳು. ಎದ್ದು ಗೂಡಿನಲ್ಲಿ ಕೈಯಾಡಿಸಿ ಪೆನ್ನು ಹುಡುಕಿದಳು. ಅದು ಬರೆಯುತ್ತದೋ ಇಲ್ಲವೋ ಎಂದು ಅಂಗೈ ಮೇಲೆ ಗೀಚಿ ನೋಡಿದಳು. ಬಂದು ನನ್ನೆದುರು ಕುಳಿತು ಕೈ ಚಾಚಿದಳು.

ಬ್ಯಾಗನ್ನು ಹಿಂದಕ್ಕೆ ಸರಿಸಿ, ಕಾಗದ ಊರಲ್ಲೇ ಮರೆತು ಬಂದೆ ಮೌಶಿ ಎಂದೆ.