ನಿನ್ನ ಮೇಕೆ ಯಾವುದು?

ನಾನು ಫೋನು ಬದಲಿಸಿದ ಸುದ್ದಿ ನನ್ನ ಬಲಗೈ ಹೆಬ್ಬೆರಳಿಗೆ ಇನ್ನೂ ತಲುಪಿಲ್ಲ. ತಿಂಗಳುಗಳೇ ಕಳೆದಿವೆ, ಆದರೂ ಯಾವುದಾದರೂ ಪುಟದಿಂದ ಹಿಂದಕ್ಕೆ ಬರಬೇಕೆನಿಸಿದಾಗ ಅದು ತಾನಾಗಿಯೇ ಪರದೆಯ ಕೆಳಗಿನ ಬಲಮೂಲೆಗೆ ಇಳಿದು, ಅಲ್ಲಿ ಇಲ್ಲದ ಪುಟ್ಟ ತ್ರಿಕೋನವೊಂದನ್ನು ಒತ್ತಿ, ಏನೂ ಆಗದ್ದನ್ನು ಕಂಡು ಪೆಚ್ಚಾಗುತ್ತದೆ. ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ಹಿಂದೆ ಸರಿಯುವುದು ಅಷ್ಟು ಸುಲಭವಿತ್ತು. ಹೊಸ ಐಫೋನಿನಲ್ಲಿ ಆ ಸೌಲಭ್ಯ ಒಮ್ಮೆ ಮೇಲಿನ ಎಡಮೂಲೆಯಲ್ಲಿರುತ್ತದೆ, ಒಮ್ಮೆ ಅಂಚಿನಿಂದ ಬೆರಳು ಸವರಿದರೆ ಸಿಗುತ್ತದೆ, ಇನ್ನೊಮ್ಮೆ ಅದು ಎಲ್ಲಿದೆಯೆಂದು ಹುಡುಕಿ ತೆಗೆಯುವಷ್ಟರಲ್ಲಿ ಹೋಗಬೇಕಾದ ಜಾಗವೇ ಮರೆತುಹೋಗಿರುತ್ತದೆ. ಪುತ್ತೂರಿನ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತ ಕೂದಲು ಹಣ್ಣಾಗಿಸಿಕೊಂಡವಳು ನಾನು. ಆಡಿದ ಮಾತಿನಿಂದ ಗೌರವಯುತವಾಗಿ ಹಿಂದೆ ಸರಿಯುವ ದಾರಿಗಳನ್ನು ಕಕ್ಷಿದಾರರಿಗೆ ತೋರಿಸಿಯೇ ಅನ್ನ ಉಂಡವಳು. ಅಂಥವಳ ಕೈಗೆ ಹಿಂದೆ ಸರಿಯಲು ದಾರಿ ಕಾಣದ ಯಂತ್ರವೊಂದು ಬಂದದ್ದು ನ್ಯಾಯವೇ ಇರಬೇಕು.

ಬದಲಿಸುವ ಅಗತ್ಯವೇನಿತ್ತೆಂದು ನೀವು ಕೇಳಬಹುದು. ಅಗತ್ಯವಿರಲಿಲ್ಲ, ಅಭಿಮಾನಭಂಗವಿತ್ತು. ವರ್ಗವಾಗಿ ಹೊರಟ ನ್ಯಾಯಾಧೀಶರೊಬ್ಬರ ಬೀಳ್ಕೊಡುಗೆಯ ದಿನ ಎಲ್ಲರೂ ಸೇರಿ ಚಿತ್ರ ತೆಗೆಸಿಕೊಂಡೆವು. ತೆಗೆದ ಮರುಕ್ಷಣವೇ ಕಿರಿಯ ವಕೀಲರೆಲ್ಲ ಫೋನಿಗೆ ಫೋನು ತಾಗಿಸಿದರು, ಚಿತ್ರ ಒಂದರಿಂದ ಇನ್ನೊಂದಕ್ಕೆ ಜಿಗಿಯಿತು. ನಾನೂ ನನ್ನದನ್ನು ಮುಂದೆ ಚಾಚಿದೆ. "ಅಯ್ಯೋ, ನಿಮ್ಮದು ಆಂಡ್ರಾಯ್ಡಾ ಮೇಡಂ? ಇರ್ಲಿ ಇರ್ಲಿ, ನಿಮಗೆ ವಾಟ್ಸಾಪಲ್ಲಿ ಹಾಕ್ತೇನೆ" ಎಂದಳು ಒಬ್ಬಳು, ರೋಗಿಗೆ ಧೈರ್ಯ ಹೇಳುವ ದನಿಯಲ್ಲಿ. ಮರುವಾರವೇ ನಾನು ಪುತ್ತೂರಿನ ಮೊಬೈಲ್ ಅಂಗಡಿಯೊಂದರ ಸ್ಟೂಲಿನ ಮೇಲೆ ಕುಳಿತಿದ್ದೆ. "ಫೋಟೋ, ನಂಬ್ರ, ವಾಟ್ಸಾಪು, ಎಲ್ಲ ಬರ್ತದೆ ಮೇಡಂ, ಎಂತ ಹೆದರುದು ಬೇಡ" ಎಂದು ಅಂಗಡಿಯವರು ಅಭಯವಿತ್ತು, ಹಳೆಯ ಫೋನನ್ನು ಎಕ್ಸ್‌ಚೇಂಜಿಗೆಂದು ಡ್ರಾಯರಿಗೆ ಹಾಕಿ ಮುಚ್ಚಿದರು.

ಲಾಭಗಳಿಲ್ಲವೆಂದು ಹೇಳಿದರೆ ಸುಳ್ಳು ಸಾಕ್ಷಿಯಾದೀತು. ಹೊಸ ಫೋನಿನ ಕ್ಯಾಮರಾ ಸತ್ಯನಿಷ್ಠವಾದದ್ದು. ಎಷ್ಟೆಂದರೆ ನನ್ನ ಚಿತ್ರವನ್ನು ನಾನು ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದೇನೆ. ಬ್ಯಾಟರಿ ಸಂಜೆಯವರೆಗೆ ಬರುತ್ತದೆ. ನಷ್ಟಗಳ ಪೈಕಿ ಮೊದಲನೆಯದು ರಿಂಗಣದ್ದು. ಹಳೆಯ ಫೋನಿನಲ್ಲಿ ನನಗಾಗಿಯೇ ಒಂದು ಕೋಗಿಲೆ ಕೂಗುತ್ತಿತ್ತು. ಈಗಿನದಕ್ಕೆ ಬೇಕಾದ ದನಿ ಹಾಕಲು ಪಡಬೇಕಾದ ಪಾಡು ನೋಡಿ, ಬಂದದ್ದೇ ಇರಲಿ ಎಂದು ಬಿಟ್ಟೆ. ಪರಿಣಾಮವಾಗಿ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಅದು ಬಡಿದುಕೊಂಡರೆ ಸುತ್ತಲಿನ ಅರ್ಧ ಜನ ತಮ್ಮ ತಮ್ಮ ಕಿಸೆ ಮುಟ್ಟಿಕೊಳ್ಳುತ್ತಾರೆ. ಇನ್ನೊಂದು, ಕರೆಗಳ ಧ್ವನಿಮುದ್ರಣ. ಕಡಬದ ಕಕ್ಷಿದಾರರೊಬ್ಬರು ತಮ್ಮ ಜಾಗದ ಗಡಿಯನ್ನು ಪ್ರತಿ ಕರೆಯಲ್ಲೂ ಬೇರೆ ಬೇರೆ ಕಡೆ ಇಡುವವರು. ಹಳೆಯ ಫೋನು ಸದ್ದಿಲ್ಲದೆ ಎಲ್ಲವನ್ನೂ ಹಿಡಿದಿಡುತ್ತಿತ್ತು. ಹೊಸತು ಹಾಗಲ್ಲ, ಧ್ವನಿಮುದ್ರಣ ಆರಂಭವಾಗಿದೆಯೆಂದು ಇಬ್ಬರಿಗೂ ಕೇಳುವಂತೆ ಘೋಷಿಸುತ್ತದೆ. "ಅದು ಯಾರು ಮಾರಾಯ್ರೆ ಮಧ್ಯದಲ್ಲಿ ಮಾತಾಡುದು?" ಎಂದವರು ಅಂದಿನಿಂದ ಖುದ್ದಾಗಿ ಬಸ್ಸು ಹಿಡಿದು ಬಂದು ಗಡಿ ಬದಲಿಸುತ್ತಿದ್ದಾರೆ.

ಇವೆಲ್ಲ ಸಹಿಸಬಹುದಾದವು. ಅಂಗಡಿಯವರು ಹೇಳಿದಂತೆ ನಿಜಕ್ಕೂ ಎಲ್ಲ ಬಂದಿತ್ತು. ಬಾರದೆ ಉಳಿದದ್ದು ನನ್ನ ಮಾತು.

ನಮ್ಮ ಕಡೆಯವರು ಕನ್ನಡದ ಅಕ್ಷರದಲ್ಲಿ ತುಳು ಬರೆಯುವವರು. ಹಳೆಯ ಫೋನಿನ ಕೀಲಿಮಣೆಗೆ ನಾನು ವರ್ಷಗಟ್ಟಲೆ ತುಳು ಕಲಿಸಿದ್ದೆ, ಗೊತ್ತಿಲ್ಲದೆಯೇ. ಒಂದು ಅಕ್ಷರ ಒತ್ತಿದರೆ ಇಡೀ ಪದ ತಾನೇ ತಂದಿಡುತ್ತಿತ್ತು. ಹೊಸ ಫೋನಿಗೆ ನಾನು ಹುಡುಕಿ ಹಾಕಿಕೊಂಡ ಕೀಲಿಮಣೆಯೋ ಶುದ್ಧ ಕನ್ನಡದ ಪಂಡಿತ. ತನಗೆ ತಿಳಿಯದ್ದೆಲ್ಲ ತಪ್ಪೆಂದೇ ಅದರ ಸಿದ್ಧಾಂತ. ಹೇಗಿದ್ದೀಯೆಂದು ಕೇಳಲು ನಾನು "ಎಂಚ ಉಂಡು" ಎಂದು ಬರೆದರೆ ಅದು "ಕೊಂಚ ಉಂಡು" ಎಂದು ತಿದ್ದಿತು, ಉಪವಾಸ ಮುರಿದವರ ವರದಿಯಂತೆ. ಚೆನ್ನಾಗಿದೆ ಎನ್ನುವ "ಎಡ್ಡೆ" ಅದರ ಕೈಯಲ್ಲಿ "ಎದ್ದೆ" ಆಯಿತು. ಇಲ್ಲ ಎನ್ನಲು "ಇಜ್ಜಿ" ಎಂದರೆ "ಅಜ್ಜಿ". ಮದುವೆಗೆ ಬರುತ್ತೀಯಾ ಎಂದು ಕೇಳಿದ ನೆಂಟರಿಗೆ ಅಜ್ಜಿ ಎಂದು ಉತ್ತರಿಸಿ, ಅವರು ಯಾವ ಅಜ್ಜಿ ಬರುವುದೆಂದು ತಿರುಗಿ ಕೇಳಿ, ಒಂದು ವಾರ ನಗೆಪಾಟಲಾದೆ. ನಾನೂ ನಕ್ಕೆ. ನಗೆ ನಿಂತದ್ದು ನಫೀಸಾಳ ವಿಷಯದಲ್ಲಿ.

ನಫೀಸಾ ನನ್ನ ಗೆಳತಿ. ಸುಳ್ಯದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಅವಳ ಮನೆಮಾತು ಬ್ಯಾರಿ, ನನ್ನದು ತುಳು, ನಮ್ಮಿಬ್ಬರ ನಡುವಿನದ್ದು ಅಂದಿನಿಂದಲೂ ತುಳುವೇ. ಈಗ ಅವಳೂ ಗಂಡ ಹಮೀದರೂ ಸುಳ್ಯದ ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಾರೆ. ಅವಳದು ಅಟ್ಟದ ಮೇಲಿನ ಕೆಲಸದವರನ್ನು ಕೌಂಟರಿನಿಂದಲೇ ಕರೆಯುವ ಕಂಠ. ಎದುರಿನ ಹೋಟೆಲಿನವರೂ ಓಗೊಡುತ್ತಿದ್ದರಂತೆ. ದಿನಕ್ಕೊಮ್ಮೆ ನಮ್ಮ ಮಾತು ನಡೆಯಲೇಬೇಕು, ನಡೆದರೆ ಹೆಚ್ಚಿನಂಶ ಅವಳೇ ಆಡಬೇಕು. ಈ ವರ್ಷ ಅವಳ ಕುತ್ತಿಗೆಯಲ್ಲೊಂದು ಗಂಟು ಕಾಣಿಸಿಕೊಂಡು, ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಗಂಟು ಕೆಟ್ಟದ್ದಾಗಿರಲಿಲ್ಲ. ಆದರೆ ಎಚ್ಚರವಾದಾಗ ಅವಳ ಸ್ವರವಿರಲಿಲ್ಲ. ನರ ನೊಂದಿದೆ, ಕೆಲವು ತಿಂಗಳಲ್ಲಿ ಮರಳಬಹುದು, ಮರಳದೆಯೂ ಇರಬಹುದು, ಕಾಯಬೇಕು ಎಂದರು ವೈದ್ಯರು. ಅಂದಿನಿಂದ ನಮ್ಮ ಮಾತೆಲ್ಲ ಬರೆಹಕ್ಕೆ ಬಂತು. ನನ್ನ ಫೋನು ಬದಲಾದದ್ದೂ ಸರಿಯಾಗಿ ಆ ದಿನಗಳಲ್ಲೇ.

ಒಂದು ಸಂಜೆ ಅವಳು ಬರೆದಳು: ಇವತ್ತು ಬಾಯಿ ತೆರೆದು ನೋಡಿದೆ, ಏಡ್‌ನ ಹಾಗೆ ಒಂದು ಶಬ್ದ ಬಂತು. ಏಡ್ ಎಂದರೆ ತುಳುವಿನಲ್ಲಿ ಆಡು. ಕೊನೆಗೊಂದು ನಗುವ ಮುಖ ಹಾಕಿದ್ದಳು, ಆದರೆ ಅವಳು ನಗುತ್ತಿರಲಿಲ್ಲವೆಂದು ತಿಳಿಯಲು ನನಗೆ ಸಾಕ್ಷಿ ಬೇಕಿರಲಿಲ್ಲ. ಏನು ಬರೆಯಲೆಂದು ತೋಚದೆ ಆ ಹೊತ್ತು ಸುಮ್ಮನಾಗಿ, ಮರುದಿನ ಬೆಳಿಗ್ಗೆ ಕೋರ್ಟಿಗೆ ಹೊರಡುವ ಗಡಿಬಿಡಿಯಲ್ಲಿ, ಮನಸ್ಸಿನಲ್ಲಿದ್ದದ್ದನ್ನೇ ಬರೆದೆ. "ಎಂಕ್ ನಿನ್ನ ಮೋಕೆ ಯಾವು." ನನಗೆ ನಿನ್ನ ಪ್ರೀತಿ ಸಾಕು, ಎಂದರ್ಥ. ಇಷ್ಟು ವರ್ಷಗಳ ಸ್ನೇಹದಲ್ಲಿ ಅಂಥ ಮಾತನ್ನು ನಾನು ಬಾಯಿಬಿಟ್ಟು ಆಡಿದವಳಲ್ಲ. ನಾಚಿಕೆಯಾಗಿ, ತಿರುಗಿ ನೋಡದೆ ಕಳುಹಿಸಿ, ಫೋನನ್ನು ಚೀಲಕ್ಕೆ ಹಾಕಿದೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ತೆರೆದು ನೋಡಿದರೆ, ಅವಳು ಓದಿಯಾಗಿದೆಯೆನ್ನುವ ಎರಡು ನೀಲಿ ಗೆರೆಗಳು, ಉತ್ತರವಿಲ್ಲ. ಮೇಲೆ ನನ್ನ ಸಂದೇಶ, ಪಂಡಿತನು ಶೋಧಿಸಿ ಪ್ರಕಟಿಸಿದ ರೂಪದಲ್ಲಿ: "ಅಂಕ ನಿನ್ನ ಮೇಕೆ ಯಾವುದು."

ಸ್ವರ ಕಳೆದುಕೊಂಡವಳು ತನ್ನ ಶಬ್ದ ಆಡಿನಂತಿದೆಯೆಂದು ಬರೆದಿದ್ದಾಳೆ. ರಾತ್ರಿಯಿಡೀ ಸುಮ್ಮನಿದ್ದ ಗೆಳತಿ ಬೆಳಗಾಗುತ್ತಲೇ ನಿನ್ನ ಮೇಕೆ ಯಾವುದೆಂದು ವಿಚಾರಿಸಿದ್ದಾಳೆ. ತಿದ್ದುವ ಅವಕಾಶದ ಗಡುವು ಮೀರಿತ್ತು. ಅಳಿಸಿದರೆ ಅಳಿಸಿದ ಗುರುತು ಉಳಿಯುತ್ತದೆ, ಅದು ತಪ್ಪೊಪ್ಪಿಗೆಗಿಂತ ಕೆಟ್ಟದ್ದು. ತಪ್ಪು ನನ್ನದಲ್ಲ, ಫೋನಿನದ್ದು ಎಂದು ಬರೆದು ನೋಡಿದೆ. ಪ್ರತಿ ಆರೋಪಿಯೂ ಮೊದಲು ಹೇಳುವ ಮಾತಿನಂತೆ ಕಂಡಿತು. ಆದರೂ ಕಳುಹಿಸಿದೆ. ಅದಕ್ಕೆ ಒಂದೇ ಗೆರೆ ಬಂತು, ಎರಡನೆಯದು ಬರಲಿಲ್ಲ: ಅವಳ ಫೋನು ಆರಿತ್ತು. ಕರೆ ಮಾಡೋಣವೆಂದರೆ ಮಾತಾಡಲಾಗದವಳಿಗೆ ಕರೆ ಮಾಡುವುದೆಂತು? ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು, ಅವಳ ಸ್ವರ ಹೋದಾಗ ಆದದ್ದಕ್ಕಿಂತ ಹೆಚ್ಚು. ಸ್ವರ ಬಾರದಿದ್ದರೂ ಅವಳಿರುತ್ತಾಳೆ. ಇದು ಮುರಿದರೆ ಅವಳೇ ಇರುವುದಿಲ್ಲ. ಸಂಜೆಯ ಕೆಲಸವನ್ನು ನನ್ನ ಕಿರಿಯ ವಕೀಲೆಗೆ ಒಪ್ಪಿಸಿ ಸುಳ್ಯದ ಬಸ್ಸು ಹತ್ತಿದೆ.

ಕುಂಬ್ರ ದಾಟಿದ ಮೇಲೂ ಒಂದೇ ಗೆರೆ. ಜಾಲ್ಸೂರಿನಲ್ಲಿ ಕಾಸರಗೋಡಿನ ಕಡೆಯಿಂದ ಬಂದವರು ತುಂಬಿಕೊಂಡರು. ಬಸ್ಸಿನಲ್ಲಿ ಮಲಯಾಳ, ತುಳು, ಅರೆಭಾಷೆ, ಬ್ಯಾರಿ ಎಲ್ಲವೂ ಏಕಕಾಲಕ್ಕೆ ನಡೆಯುತ್ತಿತ್ತು, ಯಾರೂ ಯಾರನ್ನೂ ತಿದ್ದುತ್ತಿರಲಿಲ್ಲ. ನಾನು ಮನಸ್ಸಿನಲ್ಲೇ ವಾದ ಮಂಡಿಸುತ್ತಿದ್ದೆ. ಎಷ್ಟೆಷ್ಟೋ ಕೇಸುಗಳನ್ನು ನಡೆಸಿದ ನನಗೆ ಒಂದು ನೆಟ್ಟಗಿನ ವಾಕ್ಯ ಹೊಳೆಯಲಿಲ್ಲ.

ಅಂಗಡಿಯ ಬಾಗಿಲಲ್ಲೇ ಹಮೀದರು ಸಿಕ್ಕರು. ವಕೀಲರೊಡನೆ ಕನ್ನಡದಲ್ಲಿ ಮಾತಾಡುವುದೇ ಮರ್ಯಾದೆಯೆಂದು ನಂಬಿದವರು. "ನೀವು ಬಂದದ್ದು ಒಳ್ಳೇದಾಯ್ತು ಸುಜಾತಕ್ಕ. ಇವಳು ಬೆಳಗ್ಗೆ ಕೂಗಿದ್ದೇ ಕೂಗಿದ್ದು, ಚಾ ಸಹ ಕುಡಿಲಿಲ್ಲ. ಊಟಕ್ಕೆ ಮೊದ್ಲೇ ನಗ್ಲಿಕ್ಕೆ ಸುರು ಮಾಡಿದ್ಳು, ಇನ್ನೂ ನಿಲ್ಲಿಸ್ಲಿಲ್ಲ. ಎಂತ ಕತೆ ಮಾರಾಯ್ರೆ ನಿಮ್ಮಿಬ್ರದ್ದು?" ನಮ್ಮ ಕಡೆ ಕೂಗುವುದೆಂದರೆ ಅಳುವುದು ಎಂದೂ ಅರ್ಥವುಂಟು. ಸ್ವರವಿಲ್ಲದವಳು ಕೂಗಿದಳೆಂದು ಕೇಳಿ ನನಗೆ ನಿಂತಲ್ಲೇ ಕಣ್ಣು ತುಂಬಿತು.

ನಫೀಸಾ ಕೌಂಟರಿನ ಹಿಂದೆ ಕುಳಿತಿದ್ದಳು. ಅವಳ ಫೋನು ಪಕ್ಕದ ಪ್ಲಗ್ಗಿನಲ್ಲಿ ನೇತಾಡುತ್ತಿತ್ತು. ಬಂದವರಿಗೆಲ್ಲ ನನ್ನ ಸಂದೇಶ ತೋರಿಸಿ ತೋರಿಸಿ ಚಾರ್ಜು ಮುಗಿದಿತ್ತಂತೆ. ನನ್ನನ್ನು ಕಂಡದ್ದೇ ಅವಳ ಭುಜಗಳು ಕುಲುಕತೊಡಗಿದವು, ಶಬ್ದವಿಲ್ಲದೆ. ಶರ್ಟಿನ ಮಡಿಕೆಯೊಳಗೆ ಇಡುತ್ತಾರಲ್ಲ, ಅಂಥ ರಟ್ಟಿನ ತುಂಡುಗಳ ಮೇಲೆ ಬರೆದು ಅವಳು ಗಿರಾಕಿಗಳೊಡನೆ ವ್ಯವಹರಿಸುತ್ತಿದ್ದಳು. ಒಂದನ್ನು ಎಳೆದುಕೊಂಡು ತುಳುವಿನಲ್ಲಿ ಬರೆದು ನನ್ನತ್ತ ತಿರುಗಿಸಿದಳು. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು: "ಬೆಳಗ್ಗೆ ಸಿಟ್ಟು ಬಂತು, ನಿನಗೂ ನನ್ನ ಸ್ವರ ತಮಾಷೆ ಆಯ್ತಾ ಅಂತ. ಮತ್ತೆ ಆಲೋಚನೆ ಮಾಡಿದೆ. ನೀನು ಗೇಲಿ ಮಾಡುದಿದ್ರೆ ಏಡ್ ಅಂತ ಮಾಡ್ತಿದ್ದಿ. ಮೇಕೆ ಅನ್ನುದು ನೀನಲ್ಲ ಮಾರಾಯ್ತಿ, ಅದು ಬೇರೆ ಯಾರೋ."

ನಿಜ. ನಮ್ಮ ಕಡೆ ಮೇಕೆ ಎಂದು ಯಾರೂ ಹೇಳುವುದಿಲ್ಲ. ಅದು ಘಟ್ಟದ ಮೇಲಿನ ಪ್ರಾಣಿ. ಬೈದರೂ ನಾನು ನಮ್ಮ ಭಾಷೆಯಲ್ಲೇ ಬೈಯುವವಳೆಂಬುದರ ಮೇಲೆ ಅವಳು ಕೇಸು ಖುಲಾಸೆ ಮಾಡಿದ್ದಳು. ನನ್ನ ವಾದಕ್ಕೆ ಅವಕಾಶವೇ ಬರಲಿಲ್ಲ. ನಾನು ಬರೆಯಹೊರಟದ್ದು ಏನೆಂದು ಬಾಯಲ್ಲೇ ಹೇಳಬೇಕಾಯಿತು. ಹಮೀದರ ಎದುರೇ, ಇಬ್ಬರು ಗಿರಾಕಿಗಳ ಎದುರೇ, ನಿನ್ನ ಮೋಕೆ ಸಾಕು ಎಂದೆ. ಅವಳು ರಟ್ಟಿನ ಕೆಳಗೆ ಇನ್ನೊಂದು ಸಾಲು ಬರೆದಳು: "ಮತ್ತೆ ಅಂಕ ಎಂತದ್ದು? ನನಗೆ ಎಷ್ಟು ಸಿಕ್ಕಿತು?"

ಮಳೆಗಾಲ ಮುಗಿಯುವಷ್ಟರಲ್ಲಿ ಅವಳ ಸ್ವರ ಬಂತು, ಬಂದದ್ದು ಹಳೆಯದಲ್ಲ. ಒರಟಾದ, ಅಲ್ಲಲ್ಲಿ ಒಡೆಯುವ, ಅಟ್ಟದವರೆಗೆ ಏರಲಾರದ ಸ್ವರ. ಇನ್ನು ಇಷ್ಟೇ ಎಂದಿದ್ದಾರೆ ವೈದ್ಯರು. ಅಟ್ಟದವರನ್ನು ಕರೆಯಲು ಅವಳೀಗ ಗಂಟೆ ಕಟ್ಟಿಸಿದ್ದಾಳೆ, ಎದುರಿನ ಹೋಟೆಲಿನವರು ಗಂಟೆಗೂ ಓಗೊಡುತ್ತಾರಂತೆ. ಅವಳ ಮೊದಲ ಕರೆ ಬಂದದ್ದು ನಾನು ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿದ್ದಾಗ. ಎಂದಿನಂತೆ ಸುತ್ತಲಿನವರು ಕಿಸೆ ಮುಟ್ಟಿಕೊಂಡರು, ಅದು ನನ್ನದಾಗಿತ್ತು. ಕಿವಿಗಿಟ್ಟರೆ, ಪರಿಚಯವಿಲ್ಲದ ಒಂದು ಸ್ವರ ಬಹಳ ಪರಿಚಯದ ಸಲಿಗೆಯಿಂದ "ಮೇಕೇ..." ಎಂದಿತು. ನಾನು ಕೂಗಿದೆ, ಆ ಪದದ ಎರಡೂ ಅರ್ಥಗಳಲ್ಲಿ.

ಅಂದಿನಿಂದ ಪತ್ರದ ಕೊನೆಗೆ ಹಾಕುವ ಸಹಿಯಂತೆ ನಮ್ಮ ಸಂದೇಶಗಳೆಲ್ಲ ಮೇಕೆಯಲ್ಲಿ ಮುಗಿಯುತ್ತವೆ. ತೊಂದರೆಯೆಂದರೆ, ಹೆದರಿಕೆಯ ಆ ವಾರದಲ್ಲಿ ನಾನು ಹಟ ಹಿಡಿದು ಕೀಲಿಮಣೆಗೆ ಮೋಕೆಯನ್ನು ಕಲಿಸಿದ್ದೆ. ಪಂಡಿತ ತಡವಾಗಿ ಕಲಿತರೂ ಗಟ್ಟಿಯಾಗಿ ಕಲಿತಿದ್ದಾನೆ. ಈಗ ನಾನು ಮೇಕೆ ಎಂದು ಬರೆದರೆ ಅವನು ಮೋಕೆ ಎಂದು ತಿದ್ದುತ್ತಾನೆ. ನಿನ್ನೆ ಗಮನಿಸದೆ ಹಾಗೆಯೇ ಹೋಯಿತು. ಕೊನೆಯಲ್ಲಿ ಮೇಕೆ ಕಾಣದೆ ತಕ್ಷಣ ನಫೀಸಾಳ ಪ್ರಶ್ನೆ ಬಂತು, "ಎಂತ, ಕೋಪ ಉಂಟಾ?" ನಾನು ಇಜ್ಜಿ ಎಂದು ಬರೆದೆ. ಫೋನು ಅಜ್ಜಿ ಎಂದು ತಿದ್ದಿತು. ಹೆಬ್ಬೆರಳು ಹಿಂದಕ್ಕೆ ಹೋಗಲೆಂದು ಬಲಮೂಲೆಯತ್ತ ಇಳಿಯುತ್ತಿತ್ತು. ಅದನ್ನು ತಡೆದು, ಅಜ್ಜಿಯನ್ನೇ ಕಳುಹಿಸಿದೆ.