ಮುಕ್ಕಾಲು ಇಂಚು ಇಳಿದ ಭುಜ

ಟೈಲರ್ ಮಾಸ್ತರರು ಸಿಟ್ಟಿಗೆ ಕಾರಣ ಹುಡುಕಿದವರಲ್ಲ. ಕಾರಣವೇ ಅವರನ್ನು ಹುಡುಕಿಕೊಂಡು ಬರುತ್ತಿತ್ತು. ರಸ್ತೆಯಲ್ಲಿ ಹೋಗುವವನ ಕಾಲರು ಒಂದು ಕಡೆ ಎದ್ದಿದ್ದರೆ ಸಾಕು, “ಇದನ್ನ ಕೈಯಲ್ಲಿ ಹೊಲಿದ್ರೋ ಕಾಲಲ್ಲಿ ಹೊಲಿದ್ರೋ?” ಎಂದು ಮಿಷನ್ನಿನ ಹಿಂದಿನಿಂದಲೇ ಗುಡುಗುತ್ತಿದ್ದರು. ಅಪ್ಪನ ಕಾಲದಲ್ಲಿ ದಂಡಿನ ಅಧಿಕಾರಿಗಳು ಕೋಟು ಹೊಲಿಸಿಕೊಳ್ಳುತ್ತಿದ್ದ ಅಂಗಡಿ ಅದು. ಈಗ ಅಲ್ಲಿ ಝಿಪ್ಪು ಬದಲಾಯಿಸುವುದು, ಹೊಟ್ಟೆ ಬಂದವರ ಪ್ಯಾಂಟು ಸಡಿಲ ಮಾಡುವುದು, ಇಷ್ಟೇ. ಸಿಟ್ಟು ಬಾರದೆ ಇನ್ನೇನು ಬರಬೇಕು?

ಮನೆಯಲ್ಲಿ ಹೆಂಡತಿಯೂ ಕಮ್ಮಿಯವಳಲ್ಲ. ಆಕೆಯ ತಂದೆ ಅದೇ ದಂಡಿನಲ್ಲಿ ಕರ್ನಲ್ಲರ ಆರ್ಡರ್ಲಿಯಾಗಿದ್ದವರು, ಬೂಟು ಉಜ್ಜುವುದು, ಕೋಟು ಇಸ್ತ್ರಿ ಮಾಡುವುದು ಅವರ ಕೆಲಸ. ಮಗಳು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡರು. ಒಂದು ಫೋಟೋ ಕೂಡ ಇಲ್ಲ. “ಅಪ್ಪ ನೋಡೋಕೆ ಹೇಗಿದ್ರಮ್ಮ?” ಎಂದು ಚಿಕ್ಕವಳಾಗಿದ್ದಾಗ ಕೇಳಿದರೆ ಅವಳ ತಾಯಿ, “ಮನುಷ್ಯರ ಹಾಗೇ ಇದ್ರು” ಎಂದು ಪಾತ್ರೆ ಕುಕ್ಕುತ್ತಿದ್ದಳಂತೆ. ಆಮೇಲಾಮೇಲೆ ಆಕೆ ಕೇಳುವುದನ್ನೇ ಬಿಟ್ಟಳು. ಆದರೆ ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಹಿರಿಯರ ಫೋಟೋಗಳನ್ನು ಒಂದು ಗಳಿಗೆ ಹೆಚ್ಚೇ ನೋಡುವುದನ್ನು ಮಾಸ್ತರರು ಗಮನಿಸಿದ್ದರು. ಗಮನಿಸಿ ಸುಮ್ಮನಿದ್ದರು.

ಹೀಗಿರುವಾಗ ಹಳೆಯ ದಂಡಿನ ಕಚೇರಿಯನ್ನು ಮ್ಯೂಸಿಯಂ ಮಾಡಲು ಒಂದು ಸಮಿತಿ ಹುಟ್ಟಿಕೊಂಡಿತು. ಅದಕ್ಕೆ ಅಧ್ಯಕ್ಷರು ಒಬ್ಬ ನಿವೃತ್ತ ಕ್ಯಾಪ್ಟನ್. ಕೂರುವ ಮೊದಲು ಕುರ್ಚಿಗೂ ಆಜ್ಞೆ ಕೊಡುವಂಥ ಮನುಷ್ಯ. ಹುಳ ತಿಂದ ಸಮವಸ್ತ್ರಗಳಿಗೆ ತೇಪೆ ಹಾಕಲು ಅವರು ಮಾಸ್ತರರನ್ನು ಕರೆಸಿದರು.

ಅಲ್ಲಿನ ದೊಡ್ಡ ಹಾಲಿನಲ್ಲಿ, ಎಲ್ಲೋ ಬೀರುವಿನ ಹಿಂದೆ ಸಿಕ್ಕಿದ ಆಳೆತ್ತರದ ಬಣ್ಣದ ಚಿತ್ರವೊಂದನ್ನು ತೂಗುಹಾಕಿದ್ದರು. ಕೋಟು, ಪದಕ, ಕೈಯಲ್ಲಿ ಟೊಪ್ಪಿ. ಹೆಸರು ಮಾತ್ರ ಇಲ್ಲ. ಹಳೆಯ ಅಧಿಕಾರಿಗಳ ಮನೆಯವರೆಲ್ಲ ಸರದಿಯಲ್ಲಿ ಬಂದು ನೋಡಿ, “ನಮ್ಮವರಲ್ಲ” ಎಂದು ಹೋಗಿದ್ದರು. ಕರ್ನಲ್ಲರ ಕಡೆಯವರು ಯಾರೂ ಉಳಿದಿರಲಿಲ್ಲ. ಹಾಗಾದರೆ ಇದು ಕರ್ನಲ್ಲರೇ ಎಂದು ಕ್ಯಾಪ್ಟನ್ ತೀರ್ಮಾನ ಮಾಡಿಬಿಟ್ಟಿದ್ದರು. ಕೇಳುವವರು ಇಲ್ಲದವನ ಹೆಗಲಿಗೆ ಹೊರೆ ಹಾಕುವುದು ಸುಲಭ ನೋಡಿ.

ಮಾಸ್ತರರು ತಲೆಯೆತ್ತಿ ನೋಡಿದವರೇ ಕೆರಳಿದರು. “ಥೂ! ಯಾವ ಅಡ್ನಾಡಿ ಹೊಲಿದಿದ್ದು ಇದನ್ನ? ಬಲಗಡೆ ಕತ್ತಿಂದ ಕಂಕುಳ ತನಕ ಸುಕ್ಕು! ತೋಳು ಮಣಿಕಟ್ಟಿಂದ ಎರಡು ಬೆರಳು ಮೇಲೆ! ಇಂಥವನ ಕೈಗೆ ಕತ್ತರಿ ಕೊಟ್ಟಿದ್ದು ಯಾರು?”

ಬಯ್ಯುತ್ತ ಬಯ್ಯುತ್ತ ಏಣಿ ಹತ್ತಿದರು. ಕೋಟಿನ ಕೊನೆಯ ಗುಂಡಿಯ ಕಾಜಾದ ತುದಿಯಲ್ಲಿ ಅಕ್ಕಿಕಾಳಿನಷ್ಟು ಕೆಂಪು ದಾರದ ಅಡ್ಡಹೊಲಿಗೆ. ಚಿತ್ರ ಬರೆದವನು ಪುಣ್ಯಾತ್ಮ, ಅದನ್ನೂ ಬಿಟ್ಟಿರಲಿಲ್ಲ. ಅದು ಮಾಸ್ತರರ ಅಪ್ಪ ತಾವು ಹೊಲಿದದ್ದಕ್ಕೆಲ್ಲ ಹಾಕುತ್ತಿದ್ದ ಗುರುತು. ಮಾಸ್ತರರು ಅದರ ಮೇಲೆ ಬೆರಳಿಟ್ಟರು.

“ಏನ್ ಮಾಸ್ತ್ರೇ, ಕರ್ನಲ್ ಸಾಹೇಬ್ರನ್ನ ನೋಡಿ ಮಾತೇ ನಿಂತೋಯ್ತಾ?” ಎಂದರು ಕ್ಯಾಪ್ಟನ್ ಕೆಳಗಿನಿಂದ.

“ಕರ್ನಲ್ಲೂ ಅಲ್ಲ, ಯಾರೂ ಅಲ್ಲ. ಈ ಕೋಟು ಹೊಲಿದಿದ್ದು ನಮ್ಮಪ್ಪ. ಹಾಕ್ಕೊಂಡವನಿಗೆ ಅಂತ ಹೊಲಿದಿದ್ದಲ್ಲ. ಹಾಗೆ ಹೊಲಿದಿದ್ರೆ ಭುಜ ಹೀಗೆ ಕೂರ್ತಿತ್ತಾ?”

“ಕಾಗದ ತನ್ನಿ. ಬಾಯಿಮಾತು ಗೋಡೆ ಮೇಲೆ ನಿಲ್ಲಲ್ಲ. ಶುಕ್ರವಾರ ಹೆಸರಿನ ಫಲಕ ಅಚ್ಚಿಗೆ ಹೋಗುತ್ತೆ, ಭಾನುವಾರ ಉದ್ಘಾಟನೆ. ಮೊದಲು ಏಣಿ ಇಳೀರಿ.”

ಮಾಸ್ತರರು ಮನೆಗೆ ಬಂದು ಅಟ್ಟದ ಟ್ರಂಕನ್ನು ಕೆಳಕ್ಕೆಳೆದರು. ಧೂಳು ನೋಡಿ ಹೆಂಡತಿ, “ಮನೇನೇ ಬೋರಲು ಹಾಕ್ತೀರೇನ್ರೀ? ಈಗಷ್ಟೇ ಗುಡಿಸಿದ್ದೆ!” ಎಂದು ಪೊರಕೆ ಎತ್ತಿಕೊಂಡು ಬಂದಳು. ಅಷ್ಟರಲ್ಲಿ ಅವರ ಕೈ ಟ್ರಂಕಿನ ತಳ ಮುಟ್ಟಿತ್ತು. ಅಪ್ಪನ ಅಳತೆ ಪುಸ್ತಕ ಸಿಕ್ಕಿತ್ತು.

ಕರ್ನಲ್ಲರ ಪುಟದಲ್ಲಿ ಭುಜ ಸಮ, ತೋಳು ಇಪ್ಪತ್ತನಾಲ್ಕು ಎಂದಿತ್ತು. ಕೆಳಗೆ ಅಪ್ಪನ ಒರಟು ಅಕ್ಷರ: “ಸಾಹೇಬರು ಎರಡು ನಿಮಿಷ ನಿಲ್ಲುವವರಲ್ಲ. ಚಿತ್ರದವನ ಮುಂದೆ ಈ ಕೋಟು ಹಾಕಿಕೊಂಡು ನಿಲ್ಲಲು ಆರ್ಡರ್ಲಿಯನ್ನು ಕಳಿಸಿದ್ದಾರೆ. ಸರಿಯಾಗಿ ಕೂರದು ಎಂದೆ, ಕೇಳಲಿಲ್ಲ. ಮುಖಕ್ಕೆ ತಾವೇ ಆಮೇಲೆ ಬರುತ್ತಾರಂತೆ.” ಬೇರೆ ಶಾಯಿಯಲ್ಲಿ ಇನ್ನೊಂದು ಸಾಲು: “ಬರಲಿಲ್ಲ. ವರ್ಗವಾಯಿತು. ಚಿತ್ರದವನು ಮುಂದೆ ನಿಂತವನನ್ನೇ ಬರೆದು ಮುಗಿಸಿದ.”

ಮಗ್ಗುಲ ಪುಟದಲ್ಲಿ ಆರ್ಡರ್ಲಿಯ ಅಳತೆ. ತೋಳು ಇಪ್ಪತ್ತಾರು. ಕತ್ತು ಉದ್ದ. ಬಲಭುಜ ಮುಕ್ಕಾಲು ಇಂಚು ಇಳಿತ, ಪ್ಯಾಡ್ ಒಂದು.

ಮಾಸ್ತರರ ಬೆರಳು ಆ ಸಾಲಿನ ಮೇಲೆ ನಿಂತಿತು. ಆ ಮುಕ್ಕಾಲು ಇಂಚು ಅವರಿಗೆ ಟೇಪು ಹಿಡಿಯದೆ ಗೊತ್ತು. ಮದುವೆಯಾಗಿ ನಲವತ್ತು ವರ್ಷದಿಂದ ಹೆಂಡತಿ ಚಳಿಗೆ ತೊಡುವ ಪ್ರತಿ ಕೋಟಿನ ಬಲಭುಜದೊಳಗೆ ಅಷ್ಟೇ ದಪ್ಪ ಹತ್ತಿ ಇಟ್ಟು ಹೊಲಿಯುತ್ತ ಬಂದಿದ್ದರು. ಅವಳಿಗೆ ಹೇಳಿರಲಿಲ್ಲ. ಹೊಸದರಲ್ಲಿ ಹೇಳಿದರೆ ನೊಂದುಕೊಳ್ಳುತ್ತಾಳೆಂದು ಹೇಳಲಿಲ್ಲ. ಆಮೇಲೆ ಹೇಳಿದರೆ ತಾವು ನೋಯಬೇಕಾಗುತ್ತದೆಂದು ಹೇಳಲಿಲ್ಲ. ಅಪ್ಪ ಇದ್ದಿದ್ದರೆ ಸೊಸೆಯನ್ನು ನೋಡಿದ ಕೂಡಲೇ ಅಳತೆ ಹಿಡಿದುಬಿಡುತ್ತಿದ್ದರೇನೋ. ಮದುವೆಗೆ ಮೊದಲೇ ಹೋಗಿಬಿಟ್ಟಿದ್ದರು.

ಮ್ಯೂಸಿಯಂನಲ್ಲಿ ಪುಸ್ತಕ ನೋಡಿದ ಕ್ಯಾಪ್ಟನ್, “ಇದರಲ್ಲಿ ಯಾರ ಸಹಿ ಇದೆ? ಮೊಹರು ಇದೆಯಾ? ಮುಖ ಆರ್ಡರ್ಲಿದೇ ಅಂತ ಏನ್ ಗ್ಯಾರಂಟಿ?” ಎಂದರು.

“ಮೊಹರಾ? ತರ್ತೀನಿ ಇರಿ, ನಡೆದಾಡೋ ಮೊಹರು!”

ಮನೆಗೆ ಹೋದವರೇ ಹೆಂಡತಿಗೆ ಬೂದು ಕೋಟು ತೊಡಿಸಿ, ಹೆಚ್ಚುಕಮ್ಮಿ ಎಳೆದುಕೊಂಡೇ ಬಂದರು.

“ಒಲೆ ಮೇಲೆ ಹಾಲಿಟ್ಟಿದ್ದೆ ಕಣ್ರೀ! ಎಲ್ಲಿಗೆ, ಏನು ಅಂತ ಬಾಯಿ ಬಿಡಬಾರ್ದಾ?”

“ಇಲ್ಲಿ ನಿಂತ್ಕೋ. ಅಲ್ಲಾಡ್ಬೇಡ.” ಚಿತ್ರಕ್ಕೆ ಬೆನ್ನು ಮಾಡಿಸಿ ಅವಳನ್ನು ನಿಲ್ಲಿಸಿ, ಜೇಬಿನಿಂದ ಸಣ್ಣ ಕತ್ತರಿ ತೆಗೆದು, ಕೋಟಿನ ಒಳಪದರದ ಹೊಲಿಗೆ ಬಿಚ್ಚಿ ಹತ್ತಿಯನ್ನು ಸರಕ್ಕನೆ ಎಳೆದರು.

ಬಲಭುಜ ಇಳಿಯಿತು. ಕತ್ತಿನಿಂದ ಕಂಕುಳವರೆಗೆ ಸುಕ್ಕು ಬಿತ್ತು. ಮೇಲೊಂದು, ಕೆಳಗೊಂದು, ಅದೇ ಸುಕ್ಕು, ಅದೇ ಉದ್ದ ಕತ್ತು. ಕ್ಯಾಪ್ಟನ್ ಮೇಲೆ ನೋಡಿದರು, ಕೆಳಗೆ ನೋಡಿದರು, ಮತ್ತೆ ಮೇಲೆ ನೋಡಿದರು. ಆಜ್ಞೆ ಕೊಡಲು ಏನೂ ತೋಚಲಿಲ್ಲ.

ಆಕೆ ನೋಡುತ್ತಿದ್ದುದು ಗಂಡನ ಕೈಯಲ್ಲಿದ್ದ ಹತ್ತಿಯನ್ನು. “ಇದೇನ್ರೀ ಇದು?”

“ನಿನ್ನ ಭುಜ ಸ್ವಲ್ಪ...”

“ನನ್ನ ಭುಜ ಏನು? ಎಷ್ಟು ದಿನದಿಂದ?”

“ಮದುವೆ ಆದಾಗಿಂದ.”

“ನಲವತ್ತು ವರ್ಷ ನನ್ನ ಮೈಯಲ್ಲಿ ಹತ್ತಿ ತುಂಬಿದ್ರಾ? ನಾನೇನು ದಿಂಬಾ?”

“ಬೈಯೋದು ಆಮೇಲೆ ಬೈ, ಮಾರಾಯ್ತಿ. ಮೊದ್ಲು ಹಿಂದೆ ತಿರುಗಿ ನೋಡು. ಕರ್ನಲ್ಲರ ಕೋಟು ಹಾಕ್ಕೊಂಡು ನಿಂತಿದಾರಲ್ಲ, ಅವ್ರು ನಿಮ್ಮಪ್ಪ ಕಣೇ.”

ಆಕೆ ತಿರುಗಿದಳು. ತನ್ನ ಬಲಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡು ನೋಡಿಯೇ ನೋಡಿದಳು. ಕೊನೆಗೆ, “ಕಾಲರು ಬಿಗಿ ಆಗಿದೆ ಅವರಿಗೆ. ಪಾಪ, ಅದೆಷ್ಟು ಹೊತ್ತು ನಿಲ್ಲಿಸಿದ್ರೋ,” ಎಂದಳು.

ಮನೆಯಲ್ಲಿ ಹಾಲು ಸೀದು ತಳ ಹಿಡಿದಿತ್ತು. ಆ ಪಾತ್ರೆಯನ್ನು ಮಾಸ್ತರರೇ ಉಜ್ಜಿದರು.

ಫಲಕದ ವಿಷಯಕ್ಕೆ ಶುಕ್ರವಾರ ಇನ್ನೊಂದು ಜಗಳವಾಯಿತು. ಬರೀ “ಆರ್ಡರ್ಲಿ” ಎಂದು ಹಾಕಿಸಲು ಹೋದ ಕ್ಯಾಪ್ಟನ್ನರಿಗೆ, “ಅದು ಕೆಲಸ, ಹೆಸರಲ್ಲ” ಎಂದು ಆಕೆ ತಂದೆಯ ಪೂರ್ತಿ ಹೆಸರನ್ನು ದಪ್ಪಕ್ಷರದಲ್ಲಿ ಬರೆಸಿದಳು. ಮಾಸ್ತರರು ತಮ್ಮ ಅಪ್ಪನ ಮಾನಕ್ಕಾಗಿ ಕೆಳಗೊಂದು ಸಾಲು ಸೇರಿಸಿದರು: ಕೋಟು ಇವರ ಅಳತೆಯದಲ್ಲ.

ಭಾನುವಾರ ಆಕೆ ಅದೇ ಬೂದು ಕೋಟು ತೊಟ್ಟಳು, ಹತ್ತಿಯಿಲ್ಲದೆ. “ಒಂದು ಗಂಟೆ ಮಟ್ಟಿಗೆ ಹಾಕ್ಕೊಡ್ತೀನಿ ಕಣೇ. ಊರಿಗೆ ಊರೇ ಬರುತ್ತೆ, ನನ್ನ ಕೈ ಹೋಯ್ತು ಅಂತಾರೆ!” ಎಂದು ಮಾಸ್ತರರು ಗೋಗರೆದರು. “ಮುಟ್ಟಿ ನೋಡಿ, ಗೊತ್ತಾಗುತ್ತೆ,” ಎಂದಳು.

ಸಂಜೆಯವರೆಗೂ ತಂದೆಯ ಚಿತ್ರದ ಕೆಳಗೇ ನಿಂತಿದ್ದಳು. ಮಾಸ್ತರರು ಕಂಬದ ಪಕ್ಕ, ಜೇಬಿನಲ್ಲಿ ಹತ್ತಿ ಹಿಸುಕುತ್ತ ಹಲ್ಲು ಕಡಿಯುತ್ತಿದ್ದರು. ಬಂದವರಲ್ಲೊಬ್ಬ ಪಕ್ಕದವನಿಗೆ, “ಆಯಮ್ಮನ ಕೋಟು ನೋಡೋ, ಒಂದ್ಕಡೆ ಜೋತು ಬಿದ್ದಿದೆ. ಯಾರೋ ಹೊಲಿದಿದ್ದು?” ಎಂದ.

“ನಾನು!” ಎಂದರು ಮಾಸ್ತರರು ಅವನ ಕಿವಿಯ ಹತ್ತಿರ ಬಂದು. “ಅಳತೆ ಸರಿಯಾಗೇ ಇದೆ. ಮುಂದೆ ನಡಿ.”